ತೊಳೆದ ಉಪ್ಪು

ಅಥವಾ ಎಡಗೈಯೇ ಇರಬೇಕು. ಬಲಗೈ ಎಂದೇ ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಆದರೆ ಬಲಗೈಯಲ್ಲಿ ಆಗ ಚಹಾದ ಕಪ್ಪು ಹಿಡಿದಿದ್ದೆ ಎಂಬುದೂ ಅಷ್ಟೇ ಸ್ಪಷ್ಟವಾಗಿ ನೆನಪಿದೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಯಾವುದೋ ಒಂದು ಕೈಯ ಮಣಿಕಟ್ಟಿನ ಒಳಬದಿಗೆ, ನೀಲಿ ನರ ಕಾಣುವ ಕಡೆ, ಮೇಲಿನ ಮನೆಯ ಕಾಕು ಹತ್ತಿಯಿಂದ ಟಿಂಚರ್ ಹಚ್ಚಿದರು. ಬಿದ್ದು ಮೊಣಕಾಲು ಕೆತ್ತಿಕೊಂಡ ಮಕ್ಕಳಿಗೆ ಹಚ್ಚುವ, ಅಯೋಡಿನ್ ಇರುವ ಅದೇ ಕಂದು ಔಷಧ. ನನಗೆ ಎಲ್ಲಿಯೂ ಗಾಯವಾಗಿರಲಿಲ್ಲ.

ನಾನು ಬಸುರಿಯಾಗಿದ್ದೆ. ಸದಾಶಿವನಗರದ ಆ ಬಾಡಿಗೆ ಮನೆಯಲ್ಲಿ ಕೆಳಗೆ ನಾನು, ನನ್ನ ಗಂಡ. ಮೇಲೆ ಮನೆಯ ಒಡತಿ ಕಾಕು. ಹೊತ್ತೇರಿದರೂ ಹಾಸಿಗೆಯಿಂದ ಏಳಲಾಗದ ದಣಿವು. ಕುತ್ತಿಗೆಯ ಮುಂಭಾಗ ತುಸು ದಪ್ಪಗಾಗಿತ್ತು. ರವಿಕೆ ಹೊಲಿಯುವವಳು ಕೊರಳ ಅಳತೆ ತೆಗೆಯುವಾಗ ಮೊದಲು ಹೇಳಿದ್ದು. ಅದು ಕಾಕುವಿನ ಕಿವಿಗೆ ಬಿದ್ದು, ಅವರ ಫೋನಿಗೆ ಬಂದಿದ್ದ ಯಾವುದೋ ವಿಡಿಯೋದ ಜೊತೆ ಸೇರಿ, ನನ್ನ ಕೈ ಅವರ ತೊಡೆಯ ಮೇಲೆ ಬಂತು.

"ನಾಳಿ ಮುಂಜಾನಿತನಕ ಕಲಿ ಉಳೀತು ಅಂದ್ರ ಮೈಯಾಗ ಅಯೋಡಿನ್ ಭರಪೂರ ಐತಿ ಅಂತ. ಹೋತು ಅಂದ್ರ ಮೈ ಕುಡದು ಬಿಟ್ಟೈತಿ, ಕಮ್ಮಿ ಐತಿ ಅಂತ ತಿಳ್ಕೊ."

"ಜಳಕ ಮಾಡಿದ್ರ, ಕಾಕು?"

"ಮಾಡಬ್ಯಾಡ. ಒಂದ ದಿನ ಮಾಡ್ಲಿಲ್ಲಂದ್ರ ಸಾಯ್ತೀಯೇನ?"

ನನ್ನ ಗಂಡ ಪಕ್ಕದಲ್ಲೇ ನಿಂತು ನಗುತ್ತಿದ್ದರು. "ನೋಡೂಣ ಬಿಡು. ಸೂಜಿ ಇಲ್ಲ, ಏನಿಲ್ಲ" ಎಂದರು. ಸೂಜಿ ಇದ್ದರೂ ಚುಚ್ಚುವುದು ನನಗೆ ತಾನೇ.

ಮರುದಿನ ಬೆಳಿಗ್ಗೆ ಕಲೆ ಇತ್ತೇ? ಇಲ್ಲಿಂದ ಮೂರು ಕಥೆಗಳು. ಕಾಕು ಪ್ರಕಾರ ಪೂರ್ತಿ ಮಾಯವಾಗಿತ್ತು. ಗಂಡನ ಪ್ರಕಾರ ಮಸಕಾಗಿಯಾದರೂ ಇತ್ತು. ನನಗೆ ನೆನಪಿರುವುದು ರಾತ್ರಿಯ ಊಟವಾದ ಮೇಲೆ ಪಾತ್ರೆ ತಿಕ್ಕಿದ್ದು. ಜಳಕ ಬೇಡವೆಂದವರು ಯಾರೂ ಭಾಂಡೆ ಬೇಡವೆಂದಿರಲಿಲ್ಲ. ಬೆಳಗಾಗುತ್ತಲೇ, ಸೀರೆ ಅಂಗಡಿಯಲ್ಲಿ ಬಣ್ಣ ನೋಡಲು ಸೆರಗನ್ನು ಬಾಗಿಲ ಬೆಳಕಿಗೆ ಒಯ್ಯುವಂತೆ ಕಾಕು, ಗಂಡ ಇಬ್ಬರೂ ನನ್ನ ಕೈಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಹೋದರು.

"ಕುಡದೈತಿ! ಇನ್ನ ದಿನಾ ಹಚ್ಚು. ಹೊಟ್ಟಿ ಮ್ಯಾಲೂ ಹಚ್ಚು, ಕೂಸಿಗೂ ಮುಟ್ಟತೈತಿ."

"ಇಲ್ರೀ ಕಾಕು, ಇನ್ನೂ ಕಾಣಾಕತ್ತೈತಿ. ಆಕಿಗೆ ಭರಪೂರ ಐತಿ. ಕುತ್ತಿಗಿ ದಪ್ಪ ಅಂದ್ರ ಏನಾತು? ನಮ್ಮ ಮನ್ಯಾಗ ಎಲ್ಲಾರ ಕುತ್ತಿಗೀನೂ ಹಂಗ."

"ನಾ ಏನ್ ನಿಮ್ಮ ಮನ್ಯಾಗ ಹುಟ್ಟೇನೇನ್ರೀ?" ಎಂದೆ.

ಕಾಕು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಡನೂ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಒಬ್ಬರು ಇಲ್ಲವೆಂದರು, ಒಬ್ಬರು ಇದೆ ಎಂದರು. ನಿನಗೆ ಹೇಗಾಗುತ್ತಿದೆ ಎಂದು ಇಬ್ಬರೂ ಕೇಳಲಿಲ್ಲ.

ಅದೇ ವಾರ ಡಾಕ್ಟರ ಹತ್ತಿರ ಒಬ್ಬಳೇ ಹೋದೆ. ನನ್ನ ಬಸುರಿನ ತಪಾಸಣೆ ಮಾಡುತ್ತಿದ್ದ ಹೆಂಗಸು. ಅವರು ಕುತ್ತಿಗೆ ಮುಟ್ಟಿ, ಗುಟುಕು ನುಂಗಲು ಹೇಳಿ, ರಕ್ತ ತೆಗೆಸಿದರು. ಟಿಂಚರಿನ ಕಥೆ ಕೇಳಿ ಅವರೂ ನಗುತ್ತಾರೆಂದು ಕಾದಿದ್ದೆ. ಸಿಟ್ಟಾದರು.

"ಆ ಬಣ್ಣ ಗಾಳಿಗೂ ಹಾರ್ತದ, ತಿಕ್ಕಿದ್ರೂ ಹೋಗ್ತದ, ಒಬ್ಬೊಬ್ಬರ ಚರ್ಮದ ಮ್ಯಾಲ ಒಂದೊಂದ ಥರ. ಅದರಾಗ ಏನೂ ತಿಳಿಯೂದಿಲ್ಲ. ಹೊಟ್ಟಿ ಮ್ಯಾಲ ಹಚ್ಚಿದ್ರ ನೋಡ್ರಿ ಮತ್ತ! ಅಯೋಡಿನ್ ಅತೀ ಆದ್ರೂ ಕೂಸಿಗೆ ತ್ರಾಸ."

"ಹಂಗಾರ ಮೂತ್ರ ಪರೀಕ್ಷಾ ಮಾಡಿದ್ರ ತಿಳೀತೈತೇನ್ರೀ?"

"ಒಮ್ಮೆ ಕೊಟ್ಟ ಮೂತ್ರದಾಗ ನಿನ್ನೆ ಮೊನ್ನೆ ತಿಂದದ್ದಷ್ಟ ಕಾಣ್ತದ. ಇಡೀ ಊರ ಹೆಂಗೈತಿ ಅಂತ ನೋಡಾಕ ಅದು ಬರೋಬರಿ. ನಿಮ್ಮೊಬ್ಬರದು ಅದರ ಮ್ಯಾಲ ಹೇಳಾಕ ಬರಾಂಗಿಲ್ಲ. ನಿಮ್ಮ ಥೈರಾಯ್ಡ್ ಹೆಂಗ ಕೆಲಸ ಮಾಡ್ತೈತಿ ಅನ್ನೂದನ್ನ ನಾ ರಕ್ತದಾಗ ನೋಡ್ತೀನಿ."

ನೋಡಿದರು. ಥೈರಾಯ್ಡ್ ನಿಧಾನವಾಗಿ ಕೆಲಸ ಮಾಡುತ್ತಿತ್ತು. ಬರಿ ಹೊಟ್ಟೆಯಲ್ಲಿ ತೆಗೆದುಕೊಳ್ಳಲು ಥೈರಾಯ್ಡಿನ ಗುಳಿಗೆ ಬರೆದುಕೊಟ್ಟರು. ಅದು ಅಯೋಡಿನ್ ಕಡಿಮೆಯಾಗಿಯೇ ಆದದ್ದೆಂದು ಹೇಳಲಾಗದು, ಬೇರೆ ಕಾರಣವೂ ಇರಬಹುದು ಎಂದರು. ಮಗುವಿನ ಮಿದುಳು ಈ ತಿಂಗಳುಗಳಲ್ಲಿ ಥೈರಾಯ್ಡ್ ಹಾರ್ಮೋನನ್ನು ತಾಯಿಯಿಂದಲೇ ಪಡೆಯಬೇಕು, ಹಾಗಾಗಿ ಗುಳಿಗೆ ತಪ್ಪಿಸಬೇಡಿ ಎಂದೂ ಹೇಳಿದರು. ಆ ಒಂದು ಮಾತು ಮನೆಯವರೆಗೂ ನನ್ನ ಜೊತೆ ನಡೆದು ಬಂತು. ಅದಕ್ಕೂ ಮೊದಲು, ಬಾಗಿಲ ಹತ್ತಿರ ಹೋಗಿದ್ದವಳನ್ನು ಕರೆದು ಕೇಳಿದ್ದರು: "ಮನ್ಯಾಗ ಯಾವ ಉಪ್ಪು?"

"ಅಯೋಡಿನ್ ಇದ್ದದ್ದ ರೀ. ಚೀಲದ ಮ್ಯಾಲ ಬರದೈತಿ."

ಜಂಬದಿಂದಲೇ ಹೇಳಿದೆ. ನಮ್ಮ ಉಪ್ಪು ಖಾನಾಪುರದಿಂದ, ಅತ್ತೆಯ ಮನೆಯಿಂದ ಭರಣಿಯಲ್ಲಿ ಬರುತ್ತಿತ್ತು. ಹರಳುಪ್ಪು. ಅವರು ಪೇಟೆಯಿಂದ ತಂದ ಚೀಲವನ್ನು ಅಲ್ಲಿಗೆ ಹೋದಾಗ ನಾನೇ ನೋಡಿದ್ದೆ, ಓದಿದ್ದೆ.

ಖಾನಾಪುರಕ್ಕೆ ಹೋದದ್ದು ಯಾವಾಗ? ಅದರ ಮುಂದಿನ ರವಿವಾರ ಎನ್ನುತ್ತದೆ ನೆನಪು. ಆದರೆ ನೆನಪಿಗೆ ಎಲ್ಲವನ್ನೂ ಮುಂದಿನ ರವಿವಾರಕ್ಕೇ ಇಡುವ ಚಾಳಿಯಿದೆ. ಬಿಸಿಲು ಮಾತ್ರ ಸುಳ್ಳಲ್ಲ. ಸಂಡಿಗೆ ಇದೆಯೇನೋ ಎಂದು ಮಾಳಿಗೆ ಹತ್ತಿದೆ. ಮಾವನ ಹಳೆಯ ಧೋತರದ ಮೇಲೆ ಉಪ್ಪು ಹರಡಿತ್ತು, ಒದ್ದೆ ಉಪ್ಪು. ಪಕ್ಕದಲ್ಲಿ ಬಿದಿರಿನ ಬುಟ್ಟಿ. ಅದರಡಿಯ ಅಗಲವಾದ ಪರಾತದಲ್ಲಿ ಕೆಸರು ಬಣ್ಣದ ನೀರು.

"ಅತ್ತೀ, ಇದೇನ್ರೀ?"

"ಉಪ್ಪ. ಕಣ್ಣ ಕಾಣಂಗಿಲ್ಲೇನ?"

"ತೊಳದೀರೇನ?"

"ತೊಳೀಲಾರದ ತಿಂತಾರೇನ? ನೀ ಅಕ್ಕಿ ತೊಳೀಲಾರದ ಅನ್ನಕ್ಕ ಇಡತೀಯೇನ?"

ಅವರ ಅತ್ತೆಯ ಕಾಲದಲ್ಲಿ ಗೋವಾ ಕಡೆಯ ಉಪ್ಪು ರೈಲಿನಲ್ಲಿ ಲೋಂಡಾಕ್ಕೆ ಬಂದು, ಅಲ್ಲಿಂದ ಈ ಪೇಟೆಗೆ ಬರುತ್ತಿತ್ತಂತೆ. ಬರೀ ಮಣ್ಣು. ಬುಟ್ಟಿಗೆ ಸುರಿದು, ಕರಗುವ ಮೊದಲೇ ಸರಸರ ನೀರು ಹಾಕಿ, ಬಿಸಿಲಿಗೆ ಒಣಗಿಸಿ, ಬೆಳ್ಳಗೆ ಮಾಡಿ ಭರಣಿಗೆ ತುಂಬುವುದನ್ನು ಈ ಮನೆಗೆ ಬಂದ ಸೊಸೆಗೆ ಮೊದಲು ಕಲಿಸುತ್ತಿದ್ದರಂತೆ. ಮಣ್ಣಿನ ಉಪ್ಪು ಹೋಗಿ ಚೀಲದ ಉಪ್ಪು ಬಂದರೂ ಬುಟ್ಟಿ ಹೋಗಲಿಲ್ಲ. ನನಗೆ ಕಲಿಸಿರಲಿಲ್ಲ, ಏಕೆಂದರೆ ನಾನು ಪಟ್ಟಣದಲ್ಲಿದ್ದೆ. ತೊಳೆದದ್ದನ್ನೇ ಕಳಿಸುತ್ತಿದ್ದರು, ಅಕ್ಕರೆಯಿಂದ.

"ಅಯೋಡಿನ್ ಉಪ್ಪಿನ ಮ್ಯಾಲ ಹಚ್ಚಿರತಾರ್ರೀ. ತೊಳದ್ರ ನೀರಾಗ ಹೋಗತೈತಿ."

"ಹಚ್ಚಿದ್ದ ಅಂದ್ರ ತೊಳೀಬೇಕ ಅಲ್ಲೇನ ಮತ್ತ?"

ಸಿಟ್ಟು ಬಂತು, ಅತ್ತೆಯ ಮೇಲಲ್ಲ ಎಂದು ಈಗ ಹೇಳಬಹುದು, ಆದರೆ ಆಗ ಅವರ ಮೇಲೆಯೇ. ಆ ಚೀಲದ ಮೇಲೆಯೂ. ಅಯೋಡಿನ್ ಇದೆ ಎಂದು ಅಷ್ಟು ದಪ್ಪ ಅಕ್ಷರದಲ್ಲಿ ಬರೆದವರಿಗೆ ತೊಳೆಯಬೇಡಿ ಎಂಬ ಇನ್ನೊಂದು ಸಾಲು ಭಾರವಾಗಿತ್ತೇ? ಈ ಸೀಮೆಯಲ್ಲಿ ಉಪ್ಪು ತೊಳೆಯುತ್ತಾರೆಂದು ಅವರಿಗೆ ಯಾರು ಹೇಳಬೇಕಿತ್ತು?

ಪಡಸಾಲೆಯ ಗೋಡೆಯಲ್ಲಿ ಅತ್ತೆಯ ಅತ್ತೆಯ ಫೋಟೊ ಇದೆ. ಅದರಲ್ಲಿ ಸೆರಗು ಗದ್ದದವರೆಗೆ ಸುತ್ತಿದೆ. ಕೆಳಗಿಳಿದು ಬಂದು ಅದರ ಮುಂದೆ ನಿಂತೆ.

"ಇವರಿಗೂ ಕುತ್ತಿಗ್ಯಾಗ ಗಡ್ಡಿ ಇತ್ತೇನ್ರೀ?"

"ಇತ್ತು. ಬಾಜು ಮನಿ ಆಕಿಗೂ ಇತ್ತು. ಅದೇನ್ ದೊಡ್ಡ ಮಾತ?"

"ಮತ್ತ ಸೆರಗ ಯಾಕ ಅಷ್ಟ ಮ್ಯಾಲಕ?"

"ಥಂಡಿ ಇತ್ತ," ಎಂದು ಅತ್ತೆ ಒಳಗೆ ಹೋದರು.

ನಮ್ಮ ಮನೆಯಲ್ಲಿ ಎಲ್ಲರ ಕುತ್ತಿಗೆಯೂ ಹಾಗೇ. ಗಂಡನ ಮಾತು ನೆನಪಾಯಿತು. ಮೂಗಿನ ಹಾಗೆ, ಬಣ್ಣದ ಹಾಗೆ ಕುತ್ತಿಗೆಯೂ ವಂಶದಿಂದ ಬಂದದ್ದೆಂದು ನಂಬಿದ್ದ ಮನೆ. ಅದು ಬುಟ್ಟಿಯಿಂದ ಬಂದಿತ್ತು. ಹೀಗೆ ಬರೆದು ನೋಡಿದರೆ ಎಷ್ಟು ಚೆಂದ ಕೂಡಿಕೊಳ್ಳುತ್ತದೆ! ಅದಕ್ಕೇ ನನಗೆ ಅನುಮಾನ. ಆ ಮುದುಕಿಯ ಕಾಲದಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸುತ್ತಲೇ ಇರಲಿಲ್ಲವೇನೋ. ತೊಳೆದರೆಷ್ಟು, ಬಿಟ್ಟರೆಷ್ಟು. ಆಕೆಯ ಕುತ್ತಿಗೆ ಮತ್ತು ನನ್ನದು ಒಂದೇ ಕಥೆಯಲ್ಲ.

ಮತ್ತೆ ಮಾಳಿಗೆಗೆ ಹೋಗಿ ನಾನು ಧೋತರದ ಅಂಚು ಹಿಡಿದು ಎಳೆದೆನೆಂದು ಅತ್ತೆ ಇಂದಿಗೂ ಹೇಳುತ್ತಾರೆ. ಕಾಲು ತಾಗಿತು ಎಂದು ನಾನು. ಉಪ್ಪು ಚೆಲ್ಲಿದ್ದು ನಿಜ.

"ಚೆಲ್ಲು, ಚೆಲ್ಲು. ಉಪ್ಪ ಚೆಲ್ಲಿದವರಿಗೆ ಸತ್ತ ಮ್ಯಾಲ ದೇವರು ಕಣ್ಣ ರೆಪ್ಪಿಲೆ ಆರಸಾಕ ಹಚ್ಚತಾನಂತ, ಆರಿಸೀಯಂತ."

"ಆರಿಸತೇನ್ರೀ. ಕೂಸ ಬರೋಬರಿ ಹುಟ್ಟಲಿ, ನಿಮ್ಮ ಪಾಲಿಂದೂ ನಾನ ಆರಿಸತೇನಿ."

ಅತ್ತೆ ಬುಟ್ಟಿ ಎತ್ತಿಕೊಂಡು ಕೆಳಗಿಳಿದರು. ಹೊರಡುವಾಗ ಬಸ್‌ಸ್ಟ್ಯಾಂಡಿನವರೆಗೆ ಬಂದು ಭರಣಿ ಕೈಗಿಟ್ಟರು. "ತೊಳೀಲಾರದ ಉಪ್ಪ ತುಂಬೇನಿ. ಹೊಲಸ ತಿನ್ನವ್ವ, ಚೆಂದಂಗ ತಿನ್ನು," ಎಂದರು. ಬಯ್ಗುಳವೇ ಅದು. ಆದರೆ ಮುಚ್ಚಳಕ್ಕೆ ಬಟ್ಟೆ ಕಟ್ಟಿ, ತೇವ ತಾಗದಂತೆ ಎರಡು ಗಂಟು ಹಾಕಿದ್ದರು.

ಮಗಳು ಹುಟ್ಟಿದಳು. ಹಿಮ್ಮಡಿಯಿಂದ ರಕ್ತ ತೆಗೆದು ನೋಡಿ, ಥೈರಾಯ್ಡ್ ಸರಿಯಿದೆ ಎಂದರು. ಈಗ ಸಾಲೆಗೆ ಹೋಗುತ್ತಾಳೆ, ಎದುರು ಮಾತಾಡುತ್ತಾಳೆ. ಅವಳು ಚೆನ್ನಾಗಿರುವುದನ್ನು ಎಲ್ಲರೂ ಹಂಚಿಕೊಂಡಿದ್ದಾರೆ. ತಾನು ಹಚ್ಚಿದ ಟಿಂಚರಿನಿಂದ ಎನ್ನುತ್ತಾರೆ ಕಾಕು. ತೊಳೆದ ಉಪ್ಪಿನಿಂದ ಯಾರಿಗೆ ಏನಾಯಿತು ಹೇಳು ಎನ್ನುತ್ತಾರೆ ಅತ್ತೆ. ಅವರ ಮನೆಯಲ್ಲಿ ಬುಟ್ಟಿ ಇನ್ನೂ ಇದೆ. ಭರಪೂರ ಇತ್ತು ಅಂತ ನಾ ಅವತ್ತೇ ಹೇಳಿದ್ದೆ ಎನ್ನುತ್ತಾರೆ ಗಂಡ. ದಿನಾ ಬೆಳಿಗ್ಗೆ ಗುಳಿಗೆ ನುಂಗುವ ನನ್ನನ್ನು, ನಿನಗೇನನಿಸುತ್ತದೆ ಎಂದು ಈಗಲೂ ಯಾರೂ ಕೇಳಿಲ್ಲ.

ಕೇಳಿದರೂ ಹೇಳಲು ನನ್ನ ಹತ್ತಿರ ಏನಿದೆ? ಆ ಬೆಳಿಗ್ಗೆ ಕಲೆ ಇತ್ತೋ ಇಲ್ಲವೋ ಗೊತ್ತಿಲ್ಲ. ಇದ್ದಿದ್ದರೂ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಗುಳಿಗೆ ಶುರುವಾಗುವ ಮೊದಲಿನ ಆ ತಿಂಗಳುಗಳಲ್ಲಿ ನನ್ನ ಮೈಯಲ್ಲಿ ಅಯೋಡಿನ್ ಸಾಕಷ್ಟಿತ್ತೇ, ಅವಳಿಗೆ ಬೇಕಾದಷ್ಟು ಸಿಕ್ಕಿತ್ತೇ, ಅದೂ ಗೊತ್ತಿಲ್ಲ. ಆ ಮೈಯನ್ನು ಈಗ ಮತ್ತೆ ಪರೀಕ್ಷೆಗೆ ಕೊಡಲು ಬರುವುದಿಲ್ಲ.