ರಾಬಿಗ್ ದಾಟಿದ ಮೇಲೆ ಕೂಗಿದ ಹಡಗು

ರಿಫಾತ್ ಫಿಕ್ರಿ ತೀರಿಕೊಂಡಾಗ ಅಲೆಕ್ಸಾಂಡ್ರಿಯಾದ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಮೂವತ್ತೆಂಟು ವರ್ಷ ಹಡಗಿನ ಸೇವೆ, ಒಂದು ಅಪಘಾತವಿಲ್ಲ, ಒಂದು ಕಪ್ಪುಚುಕ್ಕೆ ಇಲ್ಲ ಎಂದು ಬರೆದಿದ್ದರು. ಓದಿ ನನಗೆ ಮೈ ಉರಿಯಿತು, ಆಮೇಲೆ ಅಳುವೂ ಬಂತು. ಬರೆದವನಿಗೇನು ಗೊತ್ತು ಪಾಪ. ತಪ್ಪು ನಡೆದ ದಿನ ಚುಕ್ಕಾಣಿ ನನ್ನ ಕೈಯಲ್ಲಿತ್ತು.

ನಾನು ಬಯೂಮಿ. ‘ಫುಸ್ತಾತ್’ ಹಡಗಿನಲ್ಲಿ ಹತ್ತೊಂಬತ್ತು ವರ್ಷ ಚುಕ್ಕಾಣಿ ಹಿಡಿದವನು. ರಿಫಾತ್ ಮತ್ತು ನಾನು ಸುಯೆಜ್‌ನ ಒಂದೇ ಓಣಿಯವರು. ಅವನಪ್ಪ ಹೋದಾಗ ಅವನಿಗೆ ಆರು ವರ್ಷ. ತಾಯಿ ನಬವಿಯ್ಯಾ ಬಂದರಿನ ಬಾಗಿಲಲ್ಲಿ ಒಲೆ ಹೂಡಿ ಮೀನು ಹುರಿದು ಮಾರಿ ಅವನನ್ನು ಓದಿಸಿದಳು. ಅವಳ ಕೈಯ ಸುಟ್ಟ ಕಲೆಗಳನ್ನು ನೋಡಿದರೆ ಸಾಕು, ಮಗನ ವಿದ್ಯೆಗೆ ಏನು ಹಿಡಿಯಿತೆಂದು ತಿಳಿಯುತ್ತಿತ್ತು. ಅಲೆಕ್ಸಾಂಡ್ರಿಯಾದ ನೌಕಾಶಾಲೆಯಿಂದ ಅವನು ಬಿಳಿ ಸಮವಸ್ತ್ರ ತೊಟ್ಟು ಓಣಿಗೆ ಬಂದ ದಿನ ಹೆಂಗಸರು ತಾರಸಿಯ ಮೇಲೆ ನಿಂತು ನಾಲಿಗೆ ಹೊರಳಿಸಿ ಉಲುಲು ಎಂದು ಸಂತೋಷದ ಕೂಗು ಹಾಕಿದರು. ನಾನು ಆಗ ಹೊಟ್ಟೆಕಿಚ್ಚು ಪಟ್ಟೆ, ಸುಳ್ಳು ಯಾಕೆ ಹೇಳಲಿ.

ರಿಫಾತ್ ಕೆಲಸಗಾರನೆಂದರೆ ಕೆಲಸಗಾರ. ಮೂರನೇ ಅಧಿಕಾರಿಯಾಗಿ ಸೇರಿ ಎರಡು ವರ್ಷದಲ್ಲಿ ಎರಡನೆಯವನಾದ. ವರ್ಷದ ಒಂಬತ್ತು ತಿಂಗಳು ನಮ್ಮ ಹಡಗು ಅಲೆಕ್ಸಾಂಡ್ರಿಯಾದಿಂದ ನೇಪಲ್ಸ್, ಮಾರ್ಸೇಲ್ಸ್ ಎಂದು ಶ್ರೀಮಂತರನ್ನು ಹೊತ್ತು ತಿರುಗುತ್ತಿತ್ತು. ರಿಫಾತ್ ಊಟದ ಮನೆಯಲ್ಲಿ ಅತಿಥಿಗಳ ಜೊತೆ ಕೂರುತ್ತಿದ್ದ, ಫ್ರೆಂಚ್ ಮಾತಾಡುತ್ತಿದ್ದ, ಹೆಂಗಸರನ್ನು ನಗಿಸುತ್ತಿದ್ದ. ಕಂಪನಿಗೆ ಅದು ಬೇಕಿತ್ತು. ಅವನಿಗೂ ಬೇಕಿತ್ತು. ನಾಲ್ಕು ಜನ ತನ್ನನ್ನು ನೋಡುತ್ತಿದ್ದಾರೆಂದರೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೀನು ಹುರಿಯುವವಳ ಮಗನಿಗೆ ಅಷ್ಟು ಆಸೆ ಇದ್ದರೆ ತಪ್ಪೇನು ಎಂದು ನಾನೂ ಸುಮ್ಮನಿರುತ್ತಿದ್ದೆ.

ಹಜ್ ಬಂತೆಂದರೆ ಅದೇ ಹಡಗು ಸುಯೆಜ್‌ಗೆ ಬರುತ್ತಿತ್ತು. ರತ್ನಗಂಬಳಿ ಸುತ್ತಿಟ್ಟು ಸಾವಿರಕ್ಕೂ ಹೆಚ್ಚು ಯಾತ್ರಿಗಳನ್ನು ಜಿದ್ದಾಕ್ಕೆ ಒಯ್ಯುತ್ತಿದ್ದೆವು. ರಾಬಿಗ್ ಊರಿನ ನೇರಕ್ಕೆ ಬರುವಷ್ಟರಲ್ಲಿ ಯಾತ್ರಿ ಇಹ್ರಾಮ್ ಎಂಬ ದೀಕ್ಷೆಯ ಉಡುಪು ತೊಟ್ಟು, ‘ಲಬ್ಬೈಕ್, ಬಂದೆ ದೇವರೇ’ ಎಂದು ಸಂಕಲ್ಪ ಹೇಳಿರಬೇಕು. ಅದನ್ನು ದಾಟಿ ಹೋದರೆ ತಪ್ಪು. ನೀರಿನ ಮೇಲೆ ಗಡಿಕಲ್ಲು ಇರುವುದಿಲ್ಲವಲ್ಲ, ಆದ್ದರಿಂದ ರಾಬಿಗ್ ಬರುವ ಮುಂಚೆ ಹಡಗು ಸಿಳ್ಳೆ ಊದಿ ಕೂಗಬೇಕು. ಯಾವಾಗ ಕೂಗಿಸಬೇಕೆಂದು ಲೆಕ್ಕ ಹಾಕುವವನು ಆ ಪಾಳಿಯ ಅಧಿಕಾರಿ. ಅಳುಕಿನವರು ಸುಯೆಜ್‌ನಲ್ಲೇ ಸಂಕಲ್ಪ ಮುಗಿಸಿಬಿಡುತ್ತಿದ್ದರು, ಅದಕ್ಕೆ ಅಡ್ಡಿಯೇನಿಲ್ಲ. ಉಳಿದವರೆಲ್ಲ ಕೂಗಿಗೆ ಕಾದಿರುತ್ತಿದ್ದರು.

ಐವತ್ತೊಂದರ ಆಗಸ್ಟ್ ಕೊನೆಯಲ್ಲಿ ನಬವಿಯ್ಯಾ ತಮ್ಮನ ಜೊತೆ ನಮ್ಮ ಹಡಗು ಹತ್ತಿದಳು. ಬೀಳ್ಕೊಡಲು ಬಂದ ಪಕ್ಕದ ಮನೆಯವಳು ಕಟ್ಟೆಯ ಮೇಲೆ ನಿಂತು ಹೇಳಿದ್ದು ನನಗೆ ಕೇಳಿಸಿತು.

“ಇಲ್ಲೇ ಸಂಕಲ್ಪ ಹೇಳ್ಕೊಂಡ್ಬಿಡೇ. ಸಮುದ್ರದ ಮಾತು ಯಾರಿಗ್ಗೊತ್ತು?”

“ಯಾರೋ ಕೂಗಿಸೋ ಹಡಗಲ್ಲ ಕಣೇ ಇದು,” ಅಂದಳು ನಬವಿಯ್ಯಾ. “ನನ್ನ ಮಗ ಕೂಗಿಸ್ತಾನೆ. ಅವನು ಕೂಗಿಸಿದ್ಮೇಲೇ ನಾನು ಲಬ್ಬೈಕ್ ಅನ್ನೋದು. ಇಷ್ಟು ವರ್ಷ ಮತ್ತೆ ಯಾತಕ್ಕೆ ಮೀನು ಹುರಿದೆ?”

ಮೂರನೇ ದಿನ ಮಧ್ಯಾಹ್ನ ಪಾಳಿ ರಿಫಾತ್‌ನದು. ಹನ್ನೆರಡಕ್ಕೆ ಸೂರ್ಯನನ್ನು ಅಳೆದು, ಮೂರು ಹತ್ತಕ್ಕೆ ಕೂಗಿಸಬೇಕು ಎಂದು ಲೆಕ್ಕ ಹಾಕಿದ. ಹಿಂದಿನಿಂದ ಉತ್ತರದ ಗಾಳಿ ತಳ್ಳುತ್ತಿತ್ತು, ಎಡಗಡೆ ದಡವೆಲ್ಲ ಧೂಳಿನಲ್ಲಿ ಮುಚ್ಚಿತ್ತು. ಅಂಥ ದಿನ ಎರಡು ಗಂಟೆಗೆ ಇನ್ನೊಮ್ಮೆ ಅಳೆಯಬೇಕು. ಅಳೆಯುವ ಯಂತ್ರ ಕೈಯಲ್ಲೇ ಇತ್ತು. ಆದರೆ ಮೊದಲ ದರ್ಜೆಯಲ್ಲಿ ಬಂದಿದ್ದ ‘ಬೇ’ ಬಿರುದಿನ ಒಬ್ಬ ದೊಡ್ಡ ಸಾಹೇಬರ ಹೆಣ್ಣುಮಕ್ಕಳು ಹಡಗು ನಡೆಸುವುದನ್ನು ನೋಡಬೇಕೆಂದು ಮೇಲೆ ಹತ್ತಿ ಬಂದಿದ್ದರು. ರಿಫಾತ್ ಅವರಿಗೆ ಯಂತ್ರದಲ್ಲಿ ಸೂರ್ಯನನ್ನು ತೋರಿಸಿದ, ನಕ್ಷೆ ತೋರಿಸಿದ, ಸಿಸಿಲಿಯ ಬಿರುಗಾಳಿಯ ಕತೆ ಹೇಳಿದ. ಎರಡು ಗಂಟೆ ಹೊಡೆಯಿತು, ಎರಡೂವರೆ ಆಯಿತು. ನಾನು ಎರಡು ಸಲ ಕೆಮ್ಮಿದೆ. ಅವನು ತಿರುಗಿ ನೋಡಲಿಲ್ಲ.

ಮೂರರ ಹೊತ್ತಿಗೆ ಅವರು ಇಳಿದು ಹೋದರು. ಇನ್ನು ಹತ್ತು ನಿಮಿಷವಿದೆ ಎನ್ನುವಷ್ಟರಲ್ಲಿ ಧೂಳು ಸರಿದು ರಾಬಿಗ್ ಹಿಂದಿನ ಬೆಟ್ಟ ಕಂಡಿತು. ಅದು ನಮ್ಮ ಮುಂದಿರಬೇಕಿತ್ತು. ಎಡಭುಜದ ಹಿಂದೆ ಇತ್ತು.

“ಬಯೂಮಿ, ಆ ಬೆಟ್ಟ...”

“ಹಿಂದೆ ಬಿದ್ದಿದೆ ಸಾಹೇಬ್ರೆ. ಐದು ಮೈಲಿ ಆದ್ರೂ ಆಗಿದೆ.”

ನಾನೇ ಹೇಳಿದೆ, “ಕಪ್ತಾನರನ್ನ ಎಬ್ಸಿ. ತಿರುಗಿಸೋಣ. ಇಪ್ಪತ್ತು ನಿಮಿಷ ಹಿಂದಕ್ಕೆ, ಇಪ್ಪತ್ತು ನಿಮಿಷ ಮುಂದಕ್ಕೆ. ವಾಪಸ್ ಹೋಗಿ ಸಂಕಲ್ಪ ಮಾಡಿದ್ರೆ ದೋಷ ಕಳೆಯುತ್ತೆ, ಯಾರಿಗೂ ಏನೂ ಆಗಲ್ಲ.”

“ಏನಂತ ಎಬ್ಸ್ಲಿ? ಬೇ ಮಕ್ಕಳಿಗೆ ಕತೆ ಹೇಳ್ತಾ ನಿಂತಿದ್ದೆ ಅಂತಾನಾ? ಈ ತಿಂಗಳೇ ನನ್ನ ಬಡ್ತಿ ಕಾಗದ ಬರೋದಿದೆ.”

“ಕೆಳಗೆ ಅಮ್ಮ ಇದ್ದಾರೆ, ರಿಫಾತ್.” ಹಡಗಿನ ಮೇಲೆ ನಾನು ಅವನನ್ನು ಹೆಸರು ಹಿಡಿದು ಕರೆದದ್ದು ಅದೊಂದೇ ಸಲ.

ಅವನು ಬೆಟ್ಟದ ಕಡೆ ನೋಡುತ್ತ ನಿಂತಿದ್ದ. ಗಡಿಯಾರ ನೋಡಿದ. ಮೂರು ಹತ್ತಾಯಿತು.

“ಕೂಗಿಸು,” ಅಂದ.

ನಾನು ಸಿಳ್ಳೆಯ ಹಗ್ಗ ಎಳೆದೆ. ಅದಕ್ಕೆ ನನ್ನನ್ನು ಯಾರು ಬೈದರೂ ಬೈಯಲಿ, ನಾನೇ ಬೇಕಾದಷ್ಟು ಬೈದುಕೊಂಡಿದ್ದೇನೆ. ಕೂಗು ನಿಂತ ತಕ್ಷಣ ಕೆಳಗಿನಿಂದ ಸಾವಿರ ಕಂಠದ ಲಬ್ಬೈಕ್ ಎದ್ದಿತು. ರಿಫಾತ್ ಹಡಗಿನ ದಿನಚರಿ ತೆರೆದು “ರಾಬಿಗ್ ನೇರ, ಮೂರು ಹತ್ತು” ಎಂದು ದುಂಡಗೆ ಬರೆದ. ಅಂದು ಜಿದ್ದಾದ ಹೊರಗೆ ಲಂಗರು ಹಾಕಿದಾಗ ಲೆಕ್ಕಕ್ಕಿಂತ ಬೇಗ ತಲುಪಿದ್ದೆವು. ಕಪ್ತಾನರು ಅವನ ಬೆನ್ನು ತಟ್ಟಿದರು. ಬಡ್ತಿಯೂ ಬಂತು.

ನಬವಿಯ್ಯಾ ಹಿಂದಿರುಗಿದಾಗ ಓಣಿಗೆ ಓಣಿಯೇ ಹಬ್ಬ! ಮನೆಯ ಗೋಡೆಗೆ ಸುಣ್ಣ ಬಳಿಸಿ ನೀಲಿಯಲ್ಲಿ ಸಮುದ್ರ, ಅದರ ಮೇಲೆ ಫುಸ್ತಾತ್, ಪಕ್ಕದಲ್ಲಿ ಕಾಬಾ ಬರೆಸಿದರು. ಎಲ್ಲರ ಬಾಯಲ್ಲೂ ಅವಳು ‘ಹಜ್ಜಾ’. ಕೂಗು ಕೇಳಿದ ಕತೆಯನ್ನು ಬಂದವರಿಗೆಲ್ಲ ಹೇಳುವಳು, “ನನ್ನ ಮಗ ಕರೆದ, ನಾನು ಹೋದೆ” ಅನ್ನುವಳು. ರಜೆಯಲ್ಲಿ ಬಂದ ರಿಫಾತ್ ಆ ಗೋಡೆಯ ಮುಂದೆ ತಲೆತಗ್ಗಿಸಿ ಒಳಗೆ ಹೋಗುತ್ತಿದ್ದ. ಮಗ ಎಷ್ಟು ವಿನಯವಂತ ಅಂದುಕೊಂಡಿತು ಓಣಿ.

ಒಂದು ಶುಕ್ರವಾರ ನಾನೇ ಮಸೀದಿಯ ಶೇಖ್ ಸಾಹೇಬರನ್ನು ಕೇಳಿದೆ. ಯಾವುದೋ ಹೊರದೇಶದ ಹಡಗಿನಲ್ಲಿ ಹೀಗಾಯಿತಂತೆ ಎಂದು ಮಸೀದಿಯಲ್ಲಿ ಕೂತು ಸುಳ್ಳು ಹೇಳಿದೆ. ಅವರ ಹಜ್ ಕೆಡುವುದಿಲ್ಲ, ತಲೆಗೊಂದು ಕುರಿ ಮೆಕ್ಕಾದಲ್ಲಿ ಕೊಯ್ಯಿಸಬೇಕು, ಆದರೆ ಅವರಿಗೆ ತಿಳಿಸಿ ಅವರ ಒಪ್ಪಿಗೆಯಿಂದಲೇ ಕೊಯ್ಯಿಸಬೇಕು ಎಂದರು ಶೇಖ್ ಸಾಹೇಬರು. “ತಿಳಿಯದೆ ದಾಟಿದವರ ಮೇಲೆ ಪಾಪ ಇಲ್ಲ ಮಗಾ. ತಿಳಿದೂ ಬಾಯಿ ಮುಚ್ಕೊಂಡಿರೋನ ಮಾತು ಬೇರೆ.”

ಇದನ್ನು ರಿಫಾತ್‌ಗೆ ಹೇಳಿದೆ. “ಒಂದು ಕುರಿ ಕಣಯ್ಯಾ. ಅಮ್ಮನಿಗೆ ಹೇಳಿ ಮುಗಿಸು.”

“ಈ ಸಲ ಬಂದಾಗ ಹೇಳ್ತೀನಿ,” ಅಂದ.

ಹನ್ನೊಂದು ವರ್ಷ ಅದೇ ಮಾತು. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹಜ್ ಕಾಲದಲ್ಲಿ ಏನಾದರೊಂದು ನೆಪ ಹೇಳಿ ಕಂಪನಿಯ ಬೇರೆ ಹಡಗಿಗೆ ಹೋಗಿಬಿಡುತ್ತಿದ್ದ. ಊಟದ ಮನೆಯಲ್ಲಿ ಕೂರುವುದನ್ನು ಬಿಟ್ಟ. ಮದುವೆಯಾಗಲಿಲ್ಲ. ಲೆಕ್ಕವನ್ನು ಮೂರು ಮೂರು ಸಲ ನೋಡುತ್ತಿದ್ದ. ಅದರಿಂದಲೇ ಕಪ್ತಾನನೂ ಆದ. ಅಟ್ಟ ಮೇಲೆ ಒಲೆ ಉರಿಯಿತು ಎಂದು ಒಮ್ಮೆ ಮುಖಕ್ಕೆ ಹೊಡೆದ ಹಾಗೆ ಅಂದೆ.

ಕಡೆಗೊಂದು ದಿನ, “ನೀನೂ ಬಾ, ಒಬ್ಬನೇ ಇದ್ರೆ ಬಾಯಿ ಬರಲ್ಲ” ಎಂದು ನನ್ನನ್ನು ಕರೆದುಕೊಂಡು ಮನೆಗೆ ಹೋದ. ನಬವಿಯ್ಯಾ ಅಂಗಳದಲ್ಲಿ ಕೂತು ಮುಲೂಖಿಯ್ಯಾ ಸೊಪ್ಪು ಬಿಡಿಸುತ್ತಿದ್ದಳು. ಅವನು ನಿಂತುಕೊಂಡೇ, ಮೇಲಧಿಕಾರಿಗೆ ವರದಿ ಒಪ್ಪಿಸುವವನ ಹಾಗೆ, ಒಂದೂ ಬಿಡದೆ ಹೇಳಿದ. ಬೇ ಮಕ್ಕಳ ಸಂಗತಿಯನ್ನೂ ಬಿಡಲಿಲ್ಲ. ಅವಳ ಕೈ ನಿಂತಿತು.

“ಹಿಂದಕ್ಕೆ ತಿರುಗ್ಸಿದ್ರೆ ಎಷ್ಟು ಹೊತ್ತು ಆಗ್ತಿತ್ತು?”

“ನಲವತ್ತು ನಿಮಿಷ ಅಮ್ಮಾ.”

“ಒಂದು ತವಾ ಮೀನಿಗೆ ನಾನು ಅದಕ್ಕಿಂತ ಜಾಸ್ತಿ ಹೊತ್ತು ಬಿಸಿಲಲ್ಲಿ ಕೂತಿದ್ದೀನಿ.” ಮತ್ತೆ ಸೊಪ್ಪು ಕೈಗೆತ್ತಿಕೊಂಡಳು. “ಆಯ್ತು. ನನ್ನ ಕುರಿ ಕೊಯ್ಸು, ನನ್ನ ಒಪ್ಪಿಗೆ ಇದೆ. ಉಮ್ ಖಲಫ್‌ದು?”

“ಯಾರಮ್ಮಾ ಅವರು?”

“ಗಿರ್ಗಾದವಳು. ಎಮ್ಮೆ ಮಾರ್ಕೊಂಡು ಬಂದಿದ್ಳು. ಹಡಗು ಹತ್ತಿದ ತಕ್ಷಣ ಸಂಕಲ್ಪ ಮಾಡ್ತೀನಿ ಅಂತ ಕೂತೋಳನ್ನ ನಾನೇ ತಡೆದೆ. ನನ್ನ ಮಗ ಕೂಗಿಸ್ತಾನೆ ಕಾದಿರು, ಅವನು ತಪ್ಪೋನಲ್ಲ ಅಂದೆ. ಅವಳೊಬ್ಬಳಿಗೇ ಅಲ್ಲ ಕಣೋ. ಡೆಕ್ಕೆಲ್ಲಾ ಓಡಾಡಿ ಎಷ್ಟು ಜನಕ್ಕೆ ಹೇಳಿದ್ನೋ.”

ಕಪ್ತಾನ ರಿಫಾತ್ ಫಿಕ್ರಿ ಮಣ್ಣಿನ ನೆಲದ ಮೇಲೆ ಕುಸಿದು ಕೂತ. ಬಿಳಿ ಷರಾಯಿಯ ಯೋಚನೆಯೂ ಇರಲಿಲ್ಲ.

“ಗಿರ್ಗಾಕ್ಕೆ ಹೋಗೋಣ ನಡಿ,” ಅಂದಳು ತಾಯಿ. “ನೀನೇ ಹೇಳು ಅವಳಿಗೆ.”

“ಗುರುವಾರ ಹಡಗು ಹೊರಡುತ್ತೆ ಅಮ್ಮಾ.”

ಅವನು ಹಡಗಿಗೆ ಹೋದ. ತಾಯಿಯ ಕುರಿಯನ್ನು ಮುಂದಿನ ಹಜ್‌ನಲ್ಲಿ ಕೊಯ್ಯಿಸಿದ, ಅಷ್ಟು ಮಾಡಿದ. ಅವಳನ್ನು ಕೈರೋ ದಾಟಿಸಿ, ರೈಲು ಬದಲಿಸಿ ಗಿರ್ಗಾಕ್ಕೆ ಕರೆದುಕೊಂಡು ಹೋದವನು ನಾನು.

ಉಮ್ ಖಲಫ್ ಬದುಕಿದ್ದಳು. ನಬವಿಯ್ಯಾಳನ್ನು ತಬ್ಬಿಕೊಂಡು ಅತ್ತಳು, ಬೇಡವೆಂದರೂ ಪಾರಿವಾಳ ಕೊಯ್ಯಿಸಿ ಅಡುಗೆ ಮಾಡಿಸಿದಳು. ಚಹಾ ಸುರಿಯುತ್ತ ಕೇಳಿದಳು, “ಎಲ್ಲಾದಕ್ಕಿಂತ ಮುಂಚೆ ಇದು ಹೇಳು ಹಜ್ಜಾ, ನಿನ್ನ ಮಗ ಹೇಗಿದ್ದಾನೆ? ಐದು ಹೊತ್ತೂ ನನ್ನ ಮಕ್ಕಳ ಹೆಸರಾದ ಮೇಲೆ ಅವನ ಹೆಸರು ಹೇಳಿ ಬೇಡ್ಕೋತೀನಿ. ನಮ್ಮನ್ನೆಲ್ಲಾ ಅವನೇ ಅಲ್ವಾ ಕರೆದಿದ್ದು.”

ನಬವಿಯ್ಯಾ ಬಾಯಿ ತೆರೆದಳು. “ಚೆನ್ನಾಗಿದ್ದಾನೆ,” ಅಂದಳು. “ಕಪ್ತಾನ ಆಗಿದ್ದಾನೆ.” ಸಂಜೆಯವರೆಗೂ ಕೂತೆವು. ಅದಕ್ಕಿಂತ ಹೆಚ್ಚು ಅವಳಿಂದ ಹೊರಡಲಿಲ್ಲ.

ಹಿಂದಿರುಗುವ ರೈಲಿನಲ್ಲಿ ಹೇಳಿದಳು, “ನಾನು ಹೇಳಿದೆ ಅಂತಲೇ ಅವನು ಅಂದ್ಕೊಂಡಿರ್ಲಿ ಬಯೂಮಿ. ಅಮ್ಮನಿಗೂ ಆಗ್ಲಿಲ್ಲ ಅಂತ ಗೊತ್ತಾದ್ರೆ ತಾನೂ ತಣ್ಣಗೆ ಕೂತ್ಬಿಡ್ತಾನೆ. ಹೇಳಿದ್ಳು ಅಂದ್ಕೊಂಡ್ರೆ ಉಳಿದೋರಿಗಾದ್ರೂ ಹೋಗಿ ಹೇಳ್ತಾನೇನೋ.”

ಅವನು ಯಾರಿಗೂ ಹೇಳಲಿಲ್ಲ. ಅವಳು ತೀರಿಕೊಂಡಳು, ಅವನು ನಿವೃತ್ತನಾದ, ಅಲೆಕ್ಸಾಂಡ್ರಿಯಾದಲ್ಲಿ ಎರಡು ಕೋಣೆಯ ಮನೆ ಹಿಡಿದು ಒಬ್ಬನೇ ಇದ್ದ. ತಿಂಗಳಿಗೊಮ್ಮೆ ನೋಡಲು ಹೋಗುತ್ತಿದ್ದೆ. ಹೋದಾಗಲೆಲ್ಲ ಆ ಕೂಗಿನದೇ ಮಾತು. ಕಡೆಯ ಸಲ, ಸಾಯುವ ನಾಲ್ಕು ದಿನ ಮುಂಚೆ, ನನ್ನ ಕೈ ಹಿಡಿದುಕೊಂಡ.

“ಅಮ್ಮನಿಗಿದ್ದ ಎದೆ ನನಗಿರಲಿಲ್ಲ ಬಯೂಮಿ. ಆ ವಯಸ್ಸಲ್ಲಿ ಗಿರ್ಗಾವರೆಗೂ ಹೋಗಿ ಹೇಳಿ ಬಂದ್ಳು. ಅವಳ ಹೊಟ್ಟೇಲಿ ನಾನು ಹೇಗೆ ಹುಟ್ಟಿದ್ನೋ.”

ಅವಳು ತೀರಿಕೊಂಡು ಹದಿನೈದು ವರ್ಷವಾಗಿತ್ತು. ಇನ್ನು ಯಾರ ಮಾತು ಕಾಯಬೇಕಿತ್ತು ನಾನು? ಇಲ್ಲ ಕಣಯ್ಯಾ, ಅವಳೂ ನಿನ್ನ ಹಾಗೇ ಬಾಯಿ ಮುಚ್ಚಿಕೊಂಡು ಬಂದಳು ಎಂದಿದ್ದರೆ ಆ ಮುದುಕ ಒಂದಿಷ್ಟು ನೆಮ್ಮದಿಯಿಂದ ಕಣ್ಣು ಮುಚ್ಚುತ್ತಿದ್ದ. ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಹೌದು,” ಅಂದೆ. “ಹೇಳಿ ಬಂದ್ಳು.”