ಖಾಲಿ ಬಿಟ್ಟ ಅರ್ಧ ನಿಮಿಷ

1949ರ ಮಳೆಗಾಲ. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗುಲ್ಬರ್ಗಾ ಕೋಟೆಯ ಹತ್ತಿರದ ಒಂದು ಕೋಣೆಯಲ್ಲಿ ನಾನು ಪೊಲೀಸ್ ವೈರ್‌ಲೆಸ್ ಆಪರೇಟರ್. ಕಮಲಾಪುರ, ಆಳಂದ, ಚಿಂಚೋಳಿ, ಸೇಡಂ ಠಾಣೆಗಳಿಗೂ ನನಗೂ ಸೇರಿ ಇದ್ದದ್ದು ಒಂದೇ ಫ್ರೀಕ್ವೆನ್ಸಿ. ಸ್ವಿಚ್ ಒತ್ತಿದವನ ಮಾತು ಎಲ್ಲರಿಗೂ ಕೇಳುತ್ತಿತ್ತು. ಇಬ್ಬರು ಒಟ್ಟಿಗೆ ಒತ್ತಿದರೆ ಬರೀ ಕಿರ್ರೆನ್ನುವ ಸದ್ದು.

ನಮ್ಮ ಮರ್ಯಾದೆಯೇ ನಮಗೆ ಮುಳುವಾಯಿತು. ಆದಾಬ್, ನಮಸ್ಕಾರ, "ಊಟಾತೇನ್ರೀ?", "ಮಳಿ ಹ್ಯಾಂಗ ಅದರೀ?" ಎಲ್ಲ ಮುಗಿಯದೆ ಕೆಲಸದ ಮಾತಿಗೆ ಬರುತ್ತಿರಲಿಲ್ಲ. ಆಮೇಲೆ "ಮೊದ್ಲು ನೀವು ಹೇಳ್ರೀ", "ಛೇ, ನೀವ ಹೇಳ್ರೀ". ನಾನೇನು ಕಡಿಮೆಯೇ? ಒಮ್ಮೆ ನಮ್ಮ ಈ ಉಪಚಾರದ ನಡುವೆ ಹಳ್ಳ ತುಂಬಿ ಬಂದ ಸುದ್ದಿ ಹೇಳಲು ಕಮಲಾಪುರದ ಶರಣಪ್ಪನವರಿಗೆ ಮುಕ್ಕಾಲು ಗಂಟೆ ಜಾಗವೇ ಸಿಗಲಿಲ್ಲ. ಅಷ್ಟರಲ್ಲಿ ನಮ್ಮ ಪೊಲೀಸ್ ಲಾರಿ ಹಳ್ಳದಲ್ಲಿ ಸಿಕ್ಕಿಕೊಂಡಿತ್ತು.

ಮರುದಿನವೇ ಕಟ್ಟುನಿಟ್ಟು ಮಾಡಿದೆ. ಗಂಟೆಗೊಮ್ಮೆ ನಾನೇ ಒಬ್ಬೊಬ್ಬರನ್ನು ಕರೆಯುವುದು, ತಲಾ ಎರಡು ನಿಮಿಷ. ಪ್ರತಿ ಸರದಿಯ ನಂತರ ಅರ್ಧ ನಿಮಿಷ ಎಲ್ಲರೂ ಸುಮ್ಮನಿರಬೇಕು, ಅದು ತುರ್ತಿದ್ದವರಿಗೆ. ಎಲ್ಲರ ಪರವಾಗಿ ಬೆಳಿಗ್ಗೆ ಒಂದೇ ಸಲಾಂ.

ವಯಸ್ಸಿನಲ್ಲಿ ಹಿರಿಯರಾದ ಶರಣಪ್ಪನವರೇ ಸಿಡುಕಿದರು: "ಸಲಾಂ ಇಲ್ದ ಮಾತಾಡಾಕ ನಾವೇನು ಜಗಳಾ ಆಡೀವೇನ್ರೀ?"

ಚಿಂಚೋಳಿಯವರದು ಬೇರೆ ತಕರಾರು: "ಅರ್ಧ ನಿಮಿಷ ಖಾಲಿ ಯಾಕ ಬಿಡ್ತೀರಿ? ನನಗ ಕೊಡ್ರೀ."

ಮೂರನೆಯ ವಾರ, ಒಂದು ಮಧ್ಯಾಹ್ನ. ಆಳಂದದ ಸರದಿ ಮುಗಿದು ಎಲ್ಲರೂ ಸುಮ್ಮನಾದೆವು. ಆಗ ಶರಣಪ್ಪನವರ ದನಿ ಬಂತು.

"ಕಮಲಾಪುರ. ಬಾಳೆತೋಟದಾಗ ಕೆಲಸ ಮಾಡೋ ಹೆಣ್ಮಗಳಿಗೆ ಹೆರಿಗಿ ಕಷ್ಟ ಆಗ್ಯದ. ರಕ್ತ ನಿಲ್ಲವಲ್ದು. ಡಾಕ್ಟರಮ್ಮನ್ನ ಕಳಸ್ರೀ."

ಸಲಾಂ ಇಲ್ಲ, ಉಪಚಾರವಿಲ್ಲ. ಕೂಡಲೇ ಊರಿನ ಆಸ್ಪತ್ರೆಗೆ ಆಳು ಓಡಿಸಿದೆ. ಹತ್ತೇ ನಿಮಿಷದಲ್ಲಿ ಡಾಕ್ಟರಮ್ಮ ಜೀಪು ಹತ್ತಿದರು. ಮುಂದಿನ ಸುದ್ದಿಗಾಗಿ ನಾನು ಉಳಿದ ಸರದಿಗಳನ್ನೆಲ್ಲ ನಿಲ್ಲಿಸಿದೆ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ, ಚಿಂಚೋಳಿಯವರೂ.

ಸಾಯಂಕಾಲ ಶರಣಪ್ಪನವರು ಮತ್ತೆ ವೈರ್‌ಲೆಸ್‌ನಲ್ಲಿ ಬಂದರು: "ತಾಯಿ ಉಳಿದಾಳ. ಕೂಸೂ ಆರಾಮ ಅದ. ಹೆಣ್ಣು. ತಪ್ಪ ಆಗ್ತದಂತ ಗೊತ್ತದರೀ, ಆದ್ರೂ ಎಲ್ಲಾರಿಗೂ ಸಲಾಂ!"

ಉಳಿದ ಮೂರೂ ಠಾಣೆಯವರು ಒಟ್ಟಿಗೇ ಸ್ವಿಚ್ ಒತ್ತಿದರು. ಕಿರ್ರೆಂದಿತು, ಒಂದಕ್ಷರ ಕೇಳಲಿಲ್ಲ. ನಿಯಮ ಮಾಡಿದ ನಾನು ಯಾರನ್ನೂ ಗದರಲಿಲ್ಲ, ಕಣ್ಣೊರೆಸಿಕೊಳ್ಳುತ್ತಿದ್ದೆ.

ಮುಂದೆ ಎಷ್ಟೋ ಹುಡುಗರಿಗೆ ಈ ಕೆಲಸ ಕಲಿಸಿದೆ. ಮೊದಲ ದಿನ ಹೇಳುತ್ತಿದ್ದದ್ದು ಇಷ್ಟೇ: ನಿನ್ನ ಮಾತು ಮುಗಿದರೆ ಸ್ವಿಚ್ ಬಿಡು, ಸ್ವಲ್ಪ ಹೊತ್ತು ಕೇಳು. ಯಾರಿಗೋ ಆ ಜಾಗ ಬೇಕಾಗಿರುತ್ತದೆ.