ಲೀಲಾಧರ ಮಾಸ್ಟ್ರ ವಿಸರಣೆಯ ಪಾಠ

ಹಿರಿಯಡ್ಕದ ನಮ್ಮ ಕನ್ನಡ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ, ಲೀಲಾಧರ ಮಾಸ್ಟ್ರು ವಿಜ್ಞಾನ. ‘ವಿಸರಣೆ’ ಎಂಬ ಶಬ್ದದ ಮೇಲೆ ನಮ್ಮಿಬ್ಬರದು ಹಳೆಯ ಜಗಳ. ವಾಸನೆ ಹಬ್ಬುತ್ತದೆ, ಸುದ್ದಿಯೂ ಹಬ್ಬುತ್ತದೆ. ಇಷ್ಟು ಚಂದದ ಕನ್ನಡ ಇರುವಾಗ ಆ ಒಣ ಶಬ್ದ ಯಾಕೆ ಎಂಬುದು ನನ್ನ ವಾದ.

“ಎರಡೂ ಒಂದೇ ಅಲ್ಲ ಮಾರಾಯ,” ಅನ್ನುತ್ತಾರೆ ಅವರು. “ವಾಸನೆ ಹೆಚ್ಚಿದ್ದಲ್ಲಿಂದ ಕಡಿಮೆ ಇದ್ದಲ್ಲಿಗೆ ಹೋಗುತ್ತದೆ. ಹೋದಷ್ಟು ಮೊದಲಿನ ಜಾಗದಲ್ಲಿ ಕಡಿಮೆಯಾಗುತ್ತದೆ. ಸುದ್ದಿ ಕೊಟ್ಟವನ ಹತ್ತಿರ ಸುದ್ದಿ ಕಡಿಮೆಯಾಗುವುದುಂಟಾ?”

ಇಲ್ಲ, ಇನ್ನಷ್ಟು ಬೆಳೆಯುತ್ತದೆ ಎಂದು ನಾನು ಒಪ್ಪಲೇಬೇಕಾಯಿತು.

ಪ್ರತಿವರ್ಷ ಒಂಬತ್ತನೇ ತರಗತಿಗೆ ಅವರು ಕಾಪುವಿನ ಮನೆಯಿಂದ ಬಾಳೆಲೆಯಲ್ಲಿ ಮಲ್ಲಿಗೆ ಕಟ್ಟಿಸಿಕೊಂಡು ಬರುತ್ತಾರೆ. ಕಣ್ಣಿಗೆ ಬೀಳದಂತೆ ಮೇಜಿನ ಕೆಳಗೆ ದಾರ ಸಡಿಲಿಸುತ್ತಾರೆ. ತಮ್ಮ ಮೂಗಿಗೆ ವಾಸನೆ ಬಂದ ಮೇಲಷ್ಟೇ ಮಕ್ಕಳು ಕೈ ಎತ್ತಬೇಕು, ಸುಳ್ಳು ಕೂಡದು. ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿಗೆ ಕೈಗಳು ಏಳುವುದನ್ನು ನೋಡುವುದೆಂದರೆ ಅವರಿಗೆ ಹಬ್ಬದೂಟ.

ವಾಸನೆಯ ಲೋಕ ಅವರಿಗೆ ಚಿಕ್ಕಂದಿನಲ್ಲೇ ಗೊತ್ತು. ತಾಯಿ ಮೀನು ಮಾರಿ ಓದಿಸಿದ್ದರು. ಶಾಲೆಯಲ್ಲಿ ಪಕ್ಕದವರು ಮೂಗು ಮುಚ್ಚಿ ಬೆಂಚಿನ ತುದಿಗೆ ಸರಿಯುತ್ತಿದ್ದರಂತೆ. ಆ ಮಕ್ಕಳ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಎರಡು ವರ್ಷದ ಹಿಂದೆ ಒಂದು ಜ್ವರ ಬಂದು ಮಾಸ್ಟ್ರ ಮೂಗಿನ ಶಕ್ತಿಯನ್ನೇ ಕೊಂಡೊಯ್ದಿತು. ಮಕ್ಕಳಿಗೆ ತಿಳಿದರೆ ಕೈ ಎತ್ತುವುದು ಬರೀ ನಾಟಕವಾಗುತ್ತದೆ, ತನ್ನ ಪ್ರೀತಿಯ ಪಾಠ ಮುಗಿಯಿತು ಎಂದು ಹೆದರಿ, ಹೆಂಡತಿ ವಾರಿಜಾಳನ್ನೂ ನನ್ನನ್ನೂ ಬಿಟ್ಟು ಯಾರಿಗೂ ಹೇಳಲಿಲ್ಲ. ವಾರಿಜಾ “ಯಾರಿಗೂ ಹೇಳಬೇಡ” ಎಂದು ಹಿರಿಯಡ್ಕದ ತಂಗಿಗೆ ಹೇಳಿದಳು. ತಂಗಿಯ ಮಗಳು ಧೃತಿ ಈ ವರ್ಷ ಒಂಬತ್ತನೇ ತರಗತಿಗೆ ಬಂದಳು. ಇನ್ನು ಕೇಳಬೇಕೇ!

ಈ ವರ್ಷ ಪಾಠದ ದಿನ ಅವರ ಚೀಲದಲ್ಲಿ ಎರಡು ಬಾಳೆಲೆ ಕಟ್ಟುಗಳಿದ್ದವು. ಒಂದು ಮಲ್ಲಿಗೆ, ಇನ್ನೊಂದು ವಾರಿಜಾ ತಂಗಿಗೆ ಕಳಿಸಿದ ಒಣ ಸಿಗಡಿ ಚಟ್ನಿ. ನಮ್ಮ ತರಗತಿಗಳ ನಡುವಿನ ಗೋಡೆ ಮಾಡಿನ ಹೆಂಚಿನವರೆಗೆ ಮುಟ್ಟಿಲ್ಲ. ಪದ್ಯ ಓದುತ್ತಿದ್ದ ನನಗೂ ಸಿಗಡಿಯ ವಾಸನೆ ಬಡಿಯಿತು. ಆಚೆಯಿಂದ ಮಾಸ್ಟ್ರ ಪ್ರಶ್ನೆ: “ಎಂತ ವಾಸನೆ?”

“ಮಲ್ಲಿಗೆ ಸರ್!” ಇಡೀ ತರಗತಿ ಒಂದೇ ಬಾಯಲ್ಲಿ ಹೇಳಿತು.

ಮಾಸ್ಟ್ರು ಖುಷಿಯಾಗಿ ಕಟ್ಟನ್ನು ಮತ್ತೆ ಬಿಗಿದು ಚೀಲಕ್ಕೆ ಹಾಕಿದರು. ಸಂಜೆ ಇನ್ನೊಂದು ಕಟ್ಟನ್ನು ನಾದಿನಿಗೆ ಕೊಟ್ಟರೆ, ಅವಳು ಬಿಡಿಸಿ ನೋಡಿ, “ಭಾವ, ಇದು ಹೂವಲ್ವಾ?” ಎಂದಳು.

ಮರುದಿನ ಅವರ ಮುಖ ಕೆಂಪಗಿತ್ತು. ಗೋಡೆಯಾಚೆ ಅವರ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು.

“ನನ್ನ ಮೂಗಿನ ವಿಷಯ ನಿಮಗೆಲ್ಲ ಗೊತ್ತುಂಟು ಅಂತ ನಿನ್ನೆ ತಿಳಿಯಿತು. ಇರಲಿ. ಆದರೆ ಸಿಗಡಿ ಅನ್ನಲು ಯಾಕೆ ನಾಚಿಕೆ? ಅಷ್ಟು ಅಸಹ್ಯವಾಯಿತಾ ನಿಮಗೆ?”

ಮುಂದಿನ ಬೆಂಚಿನ ಯಶ್ಮಿತಾ ಎದ್ದಳು.

“ಅಸಹ್ಯ ಅಲ್ಲ ಸರ್. ನಿಮಗೆ ಬೇಜಾರಾಗಬಾರದು ಅಂತ ಮಲ್ಲಿಗೆ ಅಂದದ್ದು.” ಮತ್ತೆ ಸೇರಿಸಿದಳು: “ನಮಗೆಲ್ಲ ಹಸಿವಾಗಿತ್ತು ಸರ್. ಹಿಂದಿನ ಬೆಂಚಿನವರು ವಾಸನೆಗಾಗಿ ಮುಂದೆ ಬಂದು ನಮ್ಮ ಜೊತೆ ಒತ್ತಿ ಕೂತಿದ್ದರು.”

ನಾನು ಪುಸ್ತಕ ಮುಚ್ಚಿ ಆಚೆಗೆ ಹೋಗಿ ನೋಡಿದೆ. ಮಾಸ್ಟ್ರು ಕಿಟಕಿಯ ಕಡೆ ತಿರುಗಿ ನಿಂತು ಕನ್ನಡಕ ಒರೆಸುತ್ತಿದ್ದರು.

“ಕೇಳಿದೆಯಾ ಮಾರಾಯ?” ಎಂದರು. “ನನ್ನ ಅಮ್ಮ ಇದನ್ನು ಕೇಳಬೇಕಿತ್ತು.”